ಚಾರ್ಟಿನಲ್ಲಿ ನಮ್ಮ ಸೊಪ್ಪಿಗೂ ಜಾಗ ಕೊಡಿ

ಸಂಪಾದಕರಿಗೆ ನಮಸ್ಕಾರ.

ಸೆಪ್ಟೆಂಬರ್ ಬಂತೆಂದರೆ ನಮಗೆ ಪೋಷಣ್ ಮಾಸ, ಅಂದರೆ ಪೌಷ್ಟಿಕ ಊಟದ ತಿಳಿವಳಿಕೆ ಕೊಡುವ ತಿಂಗಳು. 2018ರಿಂದ ನಡೆಯುತ್ತಿದೆ. ಬ್ಯಾನರ್ ಕಟ್ಟುತ್ತೇವೆ, ತಾಯಂದಿರ ಸಭೆ ಕರೆಯುತ್ತೇವೆ, ಕಾಳು ತರಕಾರಿ ಜೋಡಿಸಿ ಫೋಟೊ ಹಾಕುತ್ತೇವೆ. ಅದೆಲ್ಲ ದೊಡ್ಡವರಿಗಾಯಿತು. ಅಂಗನವಾಡಿಗೆ ಬರುವ ಮೂರು, ನಾಲ್ಕು ವರ್ಷದ ಮಕ್ಕಳಿಗೆ ಊಟದ ಪಾಠ ಹೇಳಲು ನಮ್ಮ ಕೇಂದ್ರದಲ್ಲಿರುವುದು ಗೋಡೆಯ ಮೇಲಿನ ಒಂದು ಚಾರ್ಟು. ನನ್ನ ತಕರಾರು ಇರುವುದು ಅದರ ಮೇಲೆ.

ಅದರಲ್ಲಿ ಸೇಬು, ದ್ರಾಕ್ಷಿ, ಸ್ಟ್ರಾಬೆರಿ, ಬ್ರೊಕೊಲಿ ಇವೆ. ಬ್ರೊಕೊಲಿ ತೋರಿಸಿದರೆ ಮಕ್ಕಳು ‘ಮರ’ ಅಂತಾರೆ. ಪಾಪ, ನಾನೇ ಅದನ್ನು ತಿಂದಿಲ್ಲ, ಅವರೆಲ್ಲಿ ನೋಡಿರಬೇಕು? ನುಗ್ಗೆ ಸೊಪ್ಪಿಲ್ಲ, ದಂಟಿಲ್ಲ, ಹೊನಗೊನ್ನೆ ಇಲ್ಲ. ರಾಗಿಯೂ ಇಲ್ಲ! 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ಮೂಳೆ ಗಟ್ಟಿಯಾಗಲು ಬೇಕಾದದ್ದು ಮನೆಯ ಡಬ್ಬದಲ್ಲೇ ಇದೆ. ಹಾಗಿದ್ದೂ ಮಗು ಮನೆಗೆ ಹೋಗಿ ಸೇಬು ಬೇಕು ಅಂತ ಹಟ ಮಾಡಿದರೆ, ಕೂಲಿಗೆ ಹೋಗುವ ತಾಯಿ ಎಲ್ಲಿಂದ ತರಬೇಕು?

ಈ ವಯಸ್ಸಿನವರಿಗೆ ಪ್ರೋಟೀನು, ವಿಟಮಿನ್ನು ಅಂದರೆ ತಲೆಗೆ ಹೋಗುವುದಿಲ್ಲ. ಕೈಗೆ ಕೊಡಬೇಕು. ಸಹಾಯಕಿ ನುಗ್ಗೆ ಕೊಂಬೆ ತಂದ ದಿನ ಎಲ್ಲರನ್ನೂ ಸುತ್ತ ಕೂರಿಸಿ ಸೊಪ್ಪು ಬಿಡಿಸಲು ಹೇಳುತ್ತೇನೆ. ಹುಡುಗರಿಗೆ ಸೊಪ್ಪಿಗಿಂತ ಹುಳ ಹುಡುಕುವ ಖುಷಿ ಜಾಸ್ತಿ. ಅರ್ಧ ಸೊಪ್ಪು ಚಾಪೆ ಮೇಲೆ ಚೆಲ್ಲುತ್ತದೆ. ಆದರೂ ಆವತ್ತು ಸಾರಿನಲ್ಲಿ ಸೊಪ್ಪು ಹೆಕ್ಕಿ ತಟ್ಟೆ ಅಂಚಿಗಿಡುವವರು ಕಮ್ಮಿ. ಮಗುವಿಗೆ ಪೋಷಣೆ ಸಾಲುತ್ತಿದೆಯಾ ಅಂತ ನೋಡಲು ತೋಳು ಅಳೆಯುವ ಬಣ್ಣದ ಪಟ್ಟಿಯೂ ಹಾಗೇ. 12.5 ಸೆಂಟಿಮೀಟರ್ ಮುಟ್ಟಿದರೆ ಹಸಿರು, ಅದಕ್ಕಿಂತ ಕಮ್ಮಿಯಾದರೆ ಹಳದಿ, 11.5ಕ್ಕೂ ಕೆಳಗಾದರೆ ಕೆಂಪು. ‘ಮಿಸ್, ನಂದು ಹಸಿರಾ?’ ಅಂತ ಸಾಲು ನಿಲ್ಲುತ್ತಾರೆ. ಮೊಟ್ಟೆ ತಿಂದು ಬಾಯಿ ಒರೆಸಿಕೊಳ್ಳುವ ಮೊದಲೇ ಮತ್ತೆ ಅಳೆಯಿರಿ ಅಂತ ತೋಳು ಚಾಚುತ್ತಾರೆ. ತಿಂದದ್ದಕ್ಕೂ ಮೈಗೂ ಸಂಬಂಧ ಇದೆ ಅಂತ ಅವರಿಗೆ ಅಷ್ಟರ ಮಟ್ಟಿಗೆ ಗೊತ್ತಾಗಿದೆ. ನನಗೆ ಅಷ್ಟು ಸಾಕು.

ಇನ್ನು ಟೀ. ಚಾರ್ಟಿನಲ್ಲಿ ಕೋಲಾ ಬಾಟಲಿಗೆ ಕೆಂಪು ಗೀಟು ಎಳೆದಿದ್ದಾರೆ. ಟೀ ಲೋಟದ ಸುದ್ದಿಯೇ ಇಲ್ಲ. ನಮ್ಮಲ್ಲಿ ಕೋಲಾ ಜಾತ್ರೆಗೋ ಮದುವೆಗೋ ಸಿಕ್ಕರೆ ಸಿಕ್ಕಿತು, ಟೀ ಮಾತ್ರ ದಿನಾ ಬೆಳಗ್ಗೆ. ಬನ್ನು ಅದ್ದಿಕೊಂಡು ತಿಂದು ಬರುವ ಮಕ್ಕಳಿಗೆ ಮಧ್ಯಾಹ್ನದವರೆಗೆ ಹಸಿವೇ ಇರುವುದಿಲ್ಲ. ಊಟದ ಜೊತೆ ಟೀ ಕುಡಿದರೆ ಅದರಲ್ಲಿರುವ ಟ್ಯಾನಿನ್, ಸೊಪ್ಪು ಕಾಳಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಸೇರಲು ಬಿಡುವುದಿಲ್ಲ. ಅದೇ ಸಾರಿಗೆ ಒಂದಿಷ್ಟು ನಿಂಬೆಹಣ್ಣು ಹಿಂಡಿದರೆ ಚೆನ್ನಾಗಿ ಸೇರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆ. ಇದನ್ನು ಹೇಳಿದರೆ ತಾಯಂದಿರು ‘ಟೀಲೂ ಹಾಲಿದೆಯಲ್ಲ ಮಿಸ್’ ಅಂತಾರೆ. ಅವರ ಬಾಯಿ ಮುಚ್ಚಿಸುವುದು ಕಷ್ಟ ಬಿಡಿ. ಮಕ್ಕಳಿಗೆ ಹೇಳಿಕೊಟ್ಟರೆ ಅವರೇ ಮನೆಯಲ್ಲಿ ಜಗಳ ತೆಗೆಯುತ್ತಾರೆ.

1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ನಮ್ಮ ತಿ. ನರಸೀಪುರ. ಇಷ್ಟು ವರ್ಷವಾದ ಮೇಲಾದರೂ ಒಂದೊಂದು ಸೀಮೆಗೆ ಒಂದೊಂದು ಚಾರ್ಟು ಮಾಡಿಸಬಹುದಲ್ವಾ? ಕರಾವಳಿಗೆ ಮೀನು, ಬಸಳೆ. ಕಲಬುರಗಿ ಕಡೆಗೆ ಜೋಳದ ರೊಟ್ಟಿ, ಪುಂಡಿಪಲ್ಯ. ನಮಗೆ ಮುದ್ದೆ, ಬಸ್ಸಾರು, ಜೊತೆಗೆ ಗೀಟು ಎಳೆದ ಟೀ ಲೋಟ. ಅಚ್ಚು ಹಾಕಿಸುವವರು ಒಂದು ಸಲ ಇಲ್ಲಿನ ಸಂತೆಗೆ ಬಂದು ಸೊಪ್ಪಿನ ಫೋಟೊ ತೆಗೆದುಕೊಂಡು ಹೋಗಲಿ. ಯಾವ ಸೊಪ್ಪು ಯಾರ ಹತ್ತಿರ ಸಿಗುತ್ತದೆ ಅಂತ ನಾನೇ ಜೊತೆಗೆ ಬಂದು ತೋರಿಸುತ್ತೇನೆ.

– ಒಬ್ಬ ಅಂಗನವಾಡಿ ಕಾರ್ಯಕರ್ತೆ, ತಿ. ನರಸೀಪುರ ತಾಲ್ಲೂಕು