ಗುಮಾಸ್ತಣ್ಣನಿಗೆ, ಮತ್ತೆ ಉಳಿದವರಿಗೆ

ಕಳೆದ ವಾರ ವಿಲ್ಲೇಜ್ ಆಫೀಸಿನಿಂದ ತೀರ್ವೆ (ಭೂಕಂದಾಯ) ರಶೀದಿ ಕೈಗೆ ಬಂತು. ಅಪ್ಪನ ಹೆಸರಿದ್ದಲ್ಲಿ ಈಗ ನಮ್ಮ ನಾಲ್ವರ ಹೆಸರು, ತಂಡಪೇರು (ಕಂದಾಯ ಖಾತೆ) ನಂಬರೂ ಹೊಸದು. ಬ್ಯಾಂಕಿನ ಠೇವಣಿ ಬಿಡುಗಡೆಯಾಗಿ ತಿಂಗಳಾಯಿತು. ಅಪ್ಪನ ಕೊನೆಯ ದಿನಗಳ ಸಂಗತಿ ನಿಮಗೆಲ್ಲ ಗೊತ್ತಿದ್ದದ್ದೇ, ಅದನ್ನಿಲ್ಲಿ ಎತ್ತುವುದಿಲ್ಲ. ಅವರು ತೀರಿಹೋದ ಮೇಲೆ ಎರಡು ವರ್ಷ ಆಸ್ತಿಯ ಕಾಗದಪತ್ರಗಳ ಬೆನ್ನು ಹಿಡಿದು ಅಲೆದಾಗ ಜೊತೆಗಿದ್ದವರಿಗೆ ಈ ನಾಲ್ಕು ಮಾತು. ಬದಿಯಡ್ಕ, ಪೆರ್ಲ, ಮಂಜೇಶ್ವರದ ಕಡೆಯಿಂದ ಇದೇ ವಿಷಯಕ್ಕೆ ಫೋನ್ ಮಾಡುವವರಿದ್ದಾರೆ. ಅವರಿಗೂ ಆಗಲಿ ಎಂದು ವಿವರ ಸೇರಿಸಿದ್ದೇನೆ.

ಮೊದಲು ಗುಮಾಸ್ತಣ್ಣ. ಹೆಸರು ಹಾಕಕೂಡದು ಎಂಬುದು ಅವರ ಅಪ್ಪಣೆ. ವಕೀಲರ ಗುಮಾಸ್ತರಾಗಿ ವಿದ್ಯಾನಗರದ ಕೋರ್ಟಿನಲ್ಲಿ ಓಡಾಡಿ ಈಗ ಮನೆಯಲ್ಲಿರುವವರು. 1956ರವರೆಗೆ ನಮ್ಮ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತಲ್ಲ, ಅಜ್ಜನ ಕಾಲದ ಕಾಗದಗಳೆಲ್ಲ ಕನ್ನಡ, ಅದೂ ಲೇಖನಿ ಎತ್ತದೆ ಬರೆದ ಕೂಡಕ್ಷರ. ಆಮೇಲಿನವು ಮಲಯಾಳ. ಆಫೀಸಿನಲ್ಲಿ ಕೂತವರಿಗೆ ಮೊದಲನೆಯದು ಓದಲು ಬಾರದು, ನಮ್ಮಲ್ಲಿ ಅರ್ಧ ಜನಕ್ಕೆ ಎರಡನೆಯದು ಬಾರದು. ಎರಡನ್ನೂ ಓದಿ, ಅದರ ಹಿಂದಿನ ಭೂಮಿಯ ಕಾನೂನನ್ನೂ ಹೇಳಬಲ್ಲವರು ಊರಲ್ಲಿ ಇನ್ನೆಷ್ಟು ಜನ ಉಳಿದಿದ್ದಾರೋ.

ಅಪ್ಪನ ತಗಡಿನ ಪೆಟ್ಟಿಗೆಯನ್ನು ಜಗಲಿಗೆ ತರಿಸಿ ಅವರು ಮೊದಲು ಮಾಡಿದ್ದು ಕಾಗದಗಳನ್ನು ರಾಶಿ ಹಾಕಿದ್ದು. ಜಾಗ ನಮಗೆ ಬಂದ ಬಗೆ ಒಂದು ಕಡೆ: ಮೂಲಗೇಣಿ (ಶಾಶ್ವತ ಗೇಣಿ) ಚೀಟು, 1970ರ ಜನವರಿ 1ಕ್ಕೆ ಗೇಣಿ ರದ್ದಾದ ಮೇಲೆ ಲ್ಯಾಂಡ್ ಟ್ರಿಬ್ಯೂನಲ್ ಕೊಟ್ಟ ಪಟ್ಟಯ, ಎಂದರೆ ಒಡೆತನದ ಪತ್ರ, ನಡುವಿನ ಆಧಾರಗಳು. (ಆಧಾರ ಎಂದರೆ ಇಲ್ಲಿ ದಸ್ತಾವೇಜು, ಕಾರ್ಡಲ್ಲ. ಈ ಗೊಂದಲದಲ್ಲೇ ನನ್ನ ತಮ್ಮ ದುಬೈಯಿಂದ ಮೂರು ಸಲ ಆಧಾರ್ ಕಾರ್ಡಿನ ಫೋಟೋ ಕಳುಹಿಸಿದ.) ಸಾಲ, ಅಡವು ಇನ್ನೊಂದು ಕಡೆ. ತೀರ್ವೆ ರಶೀದಿಗಳು ಬೇರೆ. ಬ್ಯಾಂಕು, ಸೇವಾ ಸಹಕಾರಿ ಸಂಘ, ಕ್ಯಾಂಪ್ಕೋ ಪಾಲು ಇವೆಲ್ಲ ಬೇರೆ. ಆಮೇಲೆ ಅಳತೆಗೆ ಕೂತರು. ಹಳೆಯ ಆಧಾರದಲ್ಲಿ 3 ಎಕರೆ 18 ಸೆಂಟ್ಸ್. ಒಂದು ಸೆಂಟ್ಸ್ ಎಂದರೆ 40.47 ಚದರ ಮೀಟರ್, ಆ ಲೆಕ್ಕಕ್ಕೆ ತೀರ್ವೆ ರಶೀದಿಯಲ್ಲಿ 1.2869 ಹೆಕ್ಟೇರ್ ಇರಬೇಕಿತ್ತು. ಇದ್ದದ್ದು 1.2464. ಹತ್ತು ಸೆಂಟ್ಸ್ ಎಲ್ಲಿ ಹೋಯಿತು ಎಂದು ನಾವು ಬೆವರುವಾಗ ಅವರು ಪೆಟ್ಟಿಗೆಯಿಂದಲೇ ಒಂದು ಹಾಳೆ ಎಳೆದರು: ಪಂಚಾಯತಿನ ರಸ್ತೆಗೆ ಅಪ್ಪ ಬಿಟ್ಟುಕೊಟ್ಟ ಜಾಗ. ಅದು ಗೊತ್ತಿಲ್ಲದೆ ಹಳೆಯ ಅಳತೆಯಲ್ಲೇ ಅರ್ಜಿ ಹಾಕಿದ್ದರೆ ಸರ್ವೆಗೆ ಹೋಗಿ ಅಲ್ಲೇ ಕೂರುತ್ತಿತ್ತು.

ಕುಮ್ಕಿಯ ವಿಷಯದಲ್ಲೂ ಅವರೇ ಎಚ್ಚರಿಸಿದ್ದು. ಗುಡ್ಡದ ಗೇರುಮರಗಳನ್ನೂ ಪಾಲಿನ ಪಟ್ಟಿಗೆ ಸೇರಿಸಿದ್ದೆವು. ಕುಮ್ಕಿ ಎಂದರೆ ವರ್ಗ (ತೀರ್ವೆ ಕಟ್ಟುವ ಸ್ವಂತ) ಜಾಗದ ಗಡಿಯಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ ತೆಗೆಯುವ ಸವಲತ್ತು, ಅಷ್ಟೇ. ಸವಲತ್ತು ವರ್ಗದ ಜೊತೆಗೆ ಬರುತ್ತದೆ, ನೆಲ ನಮ್ಮದಾಗುವುದಿಲ್ಲ. ವಿಭಾಗಪತ್ರದಲ್ಲಿ ಅದನ್ನು ಸ್ವಂತ ಜಾಗದಂತೆ ಬರೆಸಿದರೆ ಇಡೀ ಪತ್ರದ ಮೇಲೆ ತಕರಾರು ಏಳುತ್ತದೆ.

ಇನ್ನು ವೀಲುನಾಮೆ, ಎಂದರೆ ಉಯಿಲು. ಮಲಯಾಳದಲ್ಲಿ ಒಸ್ಯತ್ತ್ ಎನ್ನುತ್ತಾರಲ್ಲ, ಅದು. ಬಂದವರೆಲ್ಲ ಹೇಳಿದ ಒಂದೇ ಮಾತು, "ಪ್ರೊಬೇಟ್ ಮಾಡಿಸಿ," ಅಂದರೆ ವೀಲುನಾಮೆ ನಿಜವೆಂದು ಕೋರ್ಟಿನಿಂದ ಬರೆಸಿ ತನ್ನಿ ಎಂದು. ಮೊದಲು ಕಂಡ ವಕೀಲರೂ ಅದನ್ನೇ ಹೇಳಿ, ಒಟ್ಟು ಆಸ್ತಿಯ ನೂರಕ್ಕೆ ಐದು ಕೇಳಿದ್ದರು. ಗುಮಾಸ್ತಣ್ಣ ನಕ್ಕರು. 1925ರ ಭಾರತೀಯ ಉತ್ತರಾಧಿಕಾರ ಕಾನೂನಿನ 213ನೇ ಕಲಂ ಹಿಂದೂಗಳಿಗೆ ಪ್ರೊಬೇಟ್ ಕಡ್ಡಾಯ ಮಾಡಿದ್ದು ಹಳೆಯ ಬಂಗಾಳ ಪ್ರಾಂತ್ಯದಲ್ಲಿ ಮತ್ತು ಬೊಂಬಾಯಿ, ಮದ್ರಾಸ್ ನಗರಗಳಲ್ಲಿ ಬರೆದ ಉಯಿಲಿಗೆ ಅಥವಾ ಅಲ್ಲಿರುವ ಸ್ಥಿರಾಸ್ತಿಗೆ. ನಮ್ಮೂರು ಒಂದು ಕಾಲಕ್ಕೆ ಮದ್ರಾಸಿಗೆ ಸೇರಿತ್ತು ನಿಜ, ಆದರೆ ಆ ಕಲಮಿನ ಮದ್ರಾಸ್ ಅಂದರೆ ಪಟ್ಟಣ ಮಾತ್ರ, ಇಡೀ ರಾಜ್ಯವಲ್ಲ. ಇಲ್ಲೇ ಬರೆದು, ಇಲ್ಲಿನ ತೋಟಕ್ಕೆ ಮಾತ್ರ ಸಂಬಂಧಿಸಿದ ವೀಲುನಾಮೆಗೆ ಅದು ತಾಗುತ್ತಲೇ ಇರಲಿಲ್ಲ. (2025ರಲ್ಲಿ ಆ ಕಲಮನ್ನೇ ತೆಗೆದುಹಾಕಿದ್ದಾರೆ.) ಆ ಒಂದು ವಿವರಣೆಯಿಂದ ಉಳಿದ ದುಡ್ಡೆಷ್ಟು ಎಂದು ಲೆಕ್ಕ ಹಾಕಿಲ್ಲ, ಹಾಕುವ ಧೈರ್ಯವೂ ಇಲ್ಲ.

ಪ್ರೊಬೇಟ್ ಬೇಡ ಎಂದ ಮಾತ್ರಕ್ಕೆ ವೀಲುನಾಮೆಯನ್ನು ಸಾಬೀತು ಮಾಡುವುದು ತಪ್ಪುವುದಿಲ್ಲ. ಯಾರಾದರೂ ತಕರಾರು ಎತ್ತಿದರೆ, ಸಹಿ ಹಾಕಿದ ಇಬ್ಬರು ಸಾಕ್ಷಿಗಳಲ್ಲಿ ಬದುಕಿರುವ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ಇಬ್ಬರೂ ಇಲ್ಲದಿದ್ದರೆ ಅಕ್ಷರ, ಸಹಿ ಗುರುತಿಸುವವರನ್ನು ಹುಡುಕಬೇಕು. ನೋಂದಣಿಯಾಗಿದೆ ಎಂಬುದೊಂದೇ ಸಾಲದು. ಅಪ್ಪನ ಸಾಕ್ಷಿಗಳಲ್ಲಿ ಒಬ್ಬರು ತೀರಿಹೋಗಿದ್ದರು, ಇನ್ನೊಬ್ಬರಿಗೆ ಎಂಬತ್ತು ದಾಟಿದೆ. ವೀಲುನಾಮೆ ಬರೆಸುವವರು ತಮಗಿಂತ ಚಿಕ್ಕ ಪ್ರಾಯದವರನ್ನು ಸಾಕ್ಷಿ ಹಾಕಿಸಿಕೊಳ್ಳಬೇಕು, ಇದನ್ನು ನಮ್ಮಲ್ಲಿ ಯಾರೂ ಯೋಚಿಸುವುದಿಲ್ಲ. ಮೂಲಪ್ರತಿಯನ್ನು ಎಲ್ಲಿಟ್ಟಿದ್ದೇನೆ ಎಂದೂ ಹೇಳಿಡಬೇಕು. ನೋಂದಾಯಿತ ವೀಲುನಾಮೆಯ ನಕಲು ಬರೆದವರ ಮರಣದ ನಂತರ ಮರಣ ಪತ್ರ ತೋರಿಸಿದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ. ಆದರೆ ಬರೆದವರ ಕೈಯಲ್ಲೇ ಇದ್ದ ಮೂಲ ಕಾಣೆಯಾದರೆ, ಅವರೇ ಹರಿದು ರದ್ದು ಮಾಡಿರಬಹುದು ಎಂಬ ವಾದಕ್ಕೆ ದಾರಿಯಾಗುತ್ತದೆ. ನಮ್ಮದು ಒಂದು ಹಳೆಯ ಪಂಚಾಂಗದೊಳಗೆ ಮಡಚಿಕೊಂಡು ಕೂತಿತ್ತು.

ಇನ್ನು ಆ ರಾತ್ರಿ. ಬರೆಯಲೋ ಬೇಡವೋ ಎಂದು ತುಂಬ ಯೋಚಿಸಿದೆ.

ವೀಲುನಾಮೆಯಲ್ಲಿ ಮನೆ, ತೋಟ ನಾಲ್ವರು ಮಕ್ಕಳಿಗೆ ಸಮಪಾಲು, ಅಮ್ಮನಿಗೆ ಇರುವಷ್ಟು ಕಾಲ ಮನೆಯ ಹಕ್ಕು. ಬ್ಯಾಂಕಿನ ಠೇವಣಿಯ ಸುದ್ದಿ ಅದರಲ್ಲಿಲ್ಲ, ಠೇವಣಿಗೆ ನಾಮಿನಿಯೂ ಇಲ್ಲ. ಅಂದರೆ ಅಷ್ಟರ ಮಟ್ಟಿಗೆ ಅಪ್ಪ ಉಯಿಲು ಬರೆಯದೆ ಹೋದಂತೆ. ಆಗ 1956ರ ಹಿಂದೂ ಉತ್ತರಾಧಿಕಾರ ಕಾನೂನಿನ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತೀರಿಹೋದವರ ತಾಯಿ ಬದುಕಿದ್ದರೆ ಅವರು, ಎಲ್ಲರಿಗೂ ಸಮಪಾಲು. ಅಜ್ಜಿ ಇಲ್ಲ, ಹಾಗಾಗಿ ಪಾಲು ಐದು. ನಾವು ನಾಲ್ಕೆಂದು ಲೆಕ್ಕ ಹಾಕಿಟ್ಟಿದ್ದೆವು. "ಅಮ್ಮ ನಮ್ಮ ಜೊತೆಯಲ್ಲೇ ಇರುವುದಲ್ಲವಾ, ಅವಳಿಗೆ ಬೇರೆ ಪಾಲು ಯಾತಕ್ಕೆ?" ಎಂದು ಒಬ್ಬರ ಬಾಯಿಂದ ಬಂತು. ಯಾರು ಎಂದು ಹೇಳುವುದಿಲ್ಲ. ಉಳಿದ ಮೂವರೂ ಬೇಡ ಎನ್ನಲಿಲ್ಲ. ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಮ್ಮ ಎಚ್ಚರವಿದ್ದಳು.

ಆಮೇಲೆ ಮಾತು ಎಲ್ಲೆಲ್ಲಿಗೋ ಹೋಯಿತು, ಯಾರ ಮದುವೆಗೆ ಎಷ್ಟು ಖರ್ಚಾಯಿತು ಎಂಬಲ್ಲಿಯವರೆಗೆ. ಹನ್ನೊಂದಕ್ಕೆ ಹೊರಡಬೇಕಿದ್ದ ಗುಮಾಸ್ತಣ್ಣ ಹೊರಡಲಿಲ್ಲ. ಒಂದು ಮಾತೂ ಆಡಲಿಲ್ಲ. ಎಲೆ ಅಡಿಕೆ ಹಾಕಿಕೊಂಡು, ಅರ್ಜಿಯ ಕರಡು ಹಾಳೆ ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಾ ಕೂತರು. ಎರಡು ಗಂಟೆಗೆ ಎಲ್ಲರ ಗಂಟಲು ಒಣಗಿದ ಮೇಲೆ ಹಾಳೆ ತಿರುಗಿಸಿ ತೋರಿಸಿದರು. ಐದು ಹೆಸರು, ಮೊದಲನೆಯದು ಅಮ್ಮನದು. "ಅಕ್ಕನಿಗೆ ಬೇಡ ಅಂತಾದರೆ ಅವರೇ ಬಂದು ಬೇಡ ಅನ್ನಲಿ. ನೀವು ಅನ್ನುವುದಲ್ಲ," ಎಂದರು. ಬೆಳಿಗ್ಗೆ ಅಮ್ಮ ದೋಸೆ ಹೊಯ್ದಳು. ಅವಳು ಬೇಡ ಎನ್ನಲಿಲ್ಲ. ಅನ್ನಬೇಕಾದ ಅಗತ್ಯವೂ ಇರಲಿಲ್ಲ.

ಆ ರಾತ್ರಿ ಅವರು ಎದ್ದು ಹೋಗಿದ್ದರೆ ನಾವು ನಾಲ್ವರು ಇವತ್ತು ಒಂದೇ ರಶೀದಿಯಲ್ಲಿ ಇರುತ್ತಿರಲಿಲ್ಲ.

ವಕೀಲರನ್ನು ಗೊತ್ತು ಮಾಡಿಕೊಟ್ಟದ್ದೂ ಅವರೇ. ಶೇಕಡಾ ಲೆಕ್ಕ ಕೇಳಿದವರಲ್ಲಿಗೆ ಮತ್ತೆ ಹೋಗಲಿಲ್ಲ. ಕೇಸಿನ ಫಲದಲ್ಲಿ ಪಾಲು ಕೇಳುವುದನ್ನು ಬಾರ್ ಕೌನ್ಸಿಲ್ ನಿಯಮವೇ ನಿಷೇಧಿಸುತ್ತದೆ. ಈಗಿನ ವಕೀಲರು ಹಂತ ಹಂತಕ್ಕೆ ಫೀಸು ಹೇಳಿದರು: ಅರ್ಜಿ ಹಾಕುವಾಗ ಇಷ್ಟು, ಸಾಕ್ಷ್ಯಕ್ಕೆ ಇಷ್ಟು, ಆದೇಶದ ನಕಲು ಕೈಗೆ ಬಂದಾಗ ಇಷ್ಟು. ಕೋರ್ಟ್ ಫೀ, ಪತ್ರಿಕಾ ಜಾಹೀರಾತು ಬೇರೆ. ಇದನ್ನು ಬರೆದು ಕೊಟ್ಟರು. ವಕಾಲತ್ತಿಗೆ ಸಹಿ ಹಾಕುವ ಮೊದಲು ಅದನ್ನು ಪೂರ್ತಿ ಓದಬೇಕು, ರಾಜಿ ಮಾಡಿಕೊಳ್ಳುವ ಅಧಿಕಾರವೂ ಅದರಲ್ಲಿ ಇರುವುದುಂಟು. ಮೂಲಪತ್ರ ಕೊಡುವಾಗ ಪಟ್ಟಿ ಮಾಡಿ ಸಹಿ ಪಡೆಯಬೇಕು. ಫೀಸು ಬಾಕಿ ಇದೆ ಎಂದು ವಕೀಲರು ಕಾಗದ ತಡೆಹಿಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಒಡಹುಟ್ಟಿದವರಲ್ಲಿ ಭಿನ್ನಮತವಿದ್ದರೆ ಒಬ್ಬರೇ ವಕೀಲರು ಎಲ್ಲರಿಗೂ ನಿಲ್ಲುವುದು ಸರಿಯಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳುವ ಹಕ್ಕಿದೆ. ಎಷ್ಟೋ ಅಕ್ಕತಂಗಿಯರಿಗೆ ಇದು ಗೊತ್ತೇ ಇಲ್ಲ.

ಠೇವಣಿಗೆ ಬೇಕಾದ್ದು ಸಕ್ಸೆಷನ್ ಸರ್ಟಿಫಿಕೇಟ್, ಎಂದರೆ ತೀರಿಹೋದವರಿಗೆ ಬರಬೇಕಾದ ಹಣ ಪಡೆಯಲು ಕೋರ್ಟು ಕೊಡುವ ಪತ್ರ. ಅದಕ್ಕೆ ಅದೇ 1925ರ ಕಾನೂನಿನ 372ನೇ ಕಲಮಿನ ಅರ್ಜಿ. ಅದು ಸಾಲ ಮತ್ತು ಷೇರುಪತ್ರಗಳಿಗೆ ಮಾತ್ರ, ಜಾಗಕ್ಕಲ್ಲ. ಬ್ಯಾಂಕಿನ ಠೇವಣಿ ಬ್ಯಾಂಕು ನಮಗೆ ಕೊಡಬೇಕಾದ ಸಾಲದ ಲೆಕ್ಕಕ್ಕೆ ಬರುತ್ತದೆ. ಪ್ರತಿ ಬ್ಯಾಂಕಿನಿಂದ ಖಾತೆ ನಂಬರ್, ಮೊತ್ತ ಬರೆದ ಪತ್ರ ತಂದು ಪಟ್ಟಿಗೆ ಹಾಕಬೇಕು. ಪಟ್ಟಿಯಲ್ಲಿ ಇಲ್ಲದ್ದನ್ನು ಬ್ಯಾಂಕು ಕೊಡುವುದಿಲ್ಲ. ಒಂದು ಸಣ್ಣ ಠೇವಣಿಯನ್ನು ನಾವು ಬಿಟ್ಟೇಬಿಟ್ಟಿದ್ದೆವು, 376ನೇ ಕಲಮಿನಲ್ಲಿ ಆಮೇಲೆ ಸೇರಿಸಲು ಅವಕಾಶವಿದ್ದುದರಿಂದ ಬಚಾವಾದೆವು. ಹತ್ತು ವರ್ಷ ಮುಟ್ಟದ ಖಾತೆಗಳ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಆದರೆ ಕಳೆದುಹೋಗುವುದಿಲ್ಲ. ಉದ್ಗಮ್ ಪೋರ್ಟಲ್‌ನಲ್ಲಿ ಹೆಸರು ಹಾಕಿ ಹುಡುಕಬಹುದು. ನಾಮಿನಿ ಇದ್ದಲ್ಲಿ ಬ್ಯಾಂಕು ಹಣವನ್ನು ನಾಮಿನಿಗೆ ಕೊಡುತ್ತದೆ ನಿಜ. ಹಾಗೆಂದು ನಾಮಿನಿ ಒಡೆಯನಾಗುವುದಿಲ್ಲ, ವಾರಸುದಾರರಿಗೆ ಹಂಚಲೇಬೇಕು.

ಎಲ್ಲಕ್ಕಿಂತ ಹೆಚ್ಚು ಕಾಲ ತಿಂದದ್ದು ಹೆಸರು. ಕನ್ನಡ ಆಧಾರದಲ್ಲಿ ಮನೆತನದ ಹೆಸರಿನೊಂದಿಗೆ ಒಂದು ರೂಪ, ಬ್ಯಾಂಕಿನಲ್ಲಿ ಇನ್ನೊಂದು, ಮರಣ ಪತ್ರದಲ್ಲಿ ಮಲಯಾಳದ ಉಚ್ಚಾರಕ್ಕೆ ತಿರುಗಿದ ಮೂರನೆಯದು. ಮೂರೂ ಒಬ್ಬರೇ ಎಂದು ವಿಲ್ಲೇಜ್ ಆಫೀಸರರಿಂದ ಸರ್ಟಿಫಿಕೇಟ್ ತರಬೇಕಾಯಿತು. ತಹಶೀಲ್ದಾರರ ವಾರಸುದಾರಿಕೆ ಪತ್ರಕ್ಕೆ ಅರ್ಜಿ ಹಾಕುವ ಮೊದಲೇ ಇದನ್ನು ಮುಗಿಸಿಕೊಳ್ಳಿ. ಏಕೆಂದರೆ ಗಝೆಟ್‌ನಲ್ಲಿ ಪ್ರಕಟವಾಗಿ ಆಕ್ಷೇಪಣೆಗೆ 30 ದಿನ ಕಾಯಬೇಕು. ಅಲ್ಲಿ ಹೆಸರು ತಪ್ಪಿದರೆ ಮತ್ತೆ ಮೊದಲಿನಿಂದ. ಇನ್ನು ಪೋಕುವರವು (ವಿಲ್ಲೇಜ್ ಆಫೀಸಿನ ದಾಖಲೆಯಲ್ಲಿ ಹೆಸರು ಬದಲಾವಣೆ) ಆಯಿತೆಂದು ಕೈಕಟ್ಟಿ ಕೂರಬೇಡಿ. ಅದು ತೀರ್ವೆ ಯಾರು ಕಟ್ಟಬೇಕು ಎಂಬುದರ ದಾಖಲೆ, ಒಡೆತನ ಕೊಡುವ ಪತ್ರವಲ್ಲ.

ದುಬೈಯ ಕಾನ್ಸುಲೇಟಿನಲ್ಲಿ ದಿನವಿಡೀ ನಿಂತು ಮುಖ್ತಾರುನಾಮೆ ಮಾಡಿಸಿ, ಊರಿಗೆ ಮುಟ್ಟಿದ ಮೂರು ತಿಂಗಳೊಳಗೆ ಇಲ್ಲಿ ಸ್ಟಾಂಪ್ ಮಾಡಿಸಲು ನೆನಪಿಸುತ್ತಲೇ ಇದ್ದ ತಮ್ಮ, ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದ ಹುಡುಗಿ, ವಿಲ್ಲೇಜ್ ಆಫೀಸಿಗೆ ಬಂದು ಹೇಳಿಕೆ ಕೊಟ್ಟ ನೆರೆಮನೆಯವರು, ಎಂಬತ್ತು ದಾಟಿದ ಸಾಕ್ಷಿ ಅಜ್ಜ, ಅವರನ್ನು ಜೀಪಿನಲ್ಲಿ ಕರೆತಂದ ಭಾವ, ಇವರೆಲ್ಲರಿಗೂ ನಾವು ಋಣಿಗಳು.

ಗುಮಾಸ್ತಣ್ಣ ದುಡ್ಡು ತೆಗೆದುಕೊಳ್ಳಲಿಲ್ಲ. ಝೆರಾಕ್ಸಿಗೆ, ಬಸ್ಸಿಗೆ ಆದದ್ದನ್ನು ಚೀಟಿಯಲ್ಲಿ ಬರೆದು ಕೊಟ್ಟರು, ಅಷ್ಟನ್ನೇ ಎಣಿಸಿ ಇಟ್ಟುಕೊಂಡರು. ಮೊನ್ನೆ ಪೆಟ್ಟಿಗೆ ವಾಪಸು ತಂದರು. ಪ್ರತಿ ಕಟ್ಟಿಗೂ ಬಿಳಿ ನೂಲು, ಮೇಲೆ ಒಂದು ಚೀಟಿ, ಚೀಟಿಯಲ್ಲಿ ಕನ್ನಡದಲ್ಲೊಂದು ಸಾಲು, ಅದರ ಕೆಳಗೆ ಮಲಯಾಳದಲ್ಲಿ ಅದೇ ಸಾಲು. ಅಜ್ಜನ ಮೂಲಗೇಣಿ ಚೀಟನ್ನು ನಾಲ್ಕು ಪುಟದಲ್ಲಿ ಬಿಡಿ ಅಕ್ಷರಕ್ಕೆ ಇಳಿಸಿಟ್ಟಿದ್ದಾರೆ. ಪೆಟ್ಟಿಗೆಯ ಬೀಗದ ಕೈಯನ್ನು ನಮ್ಮ ಯಾರ ಕೈಗೂ ಕೊಡದೆ ಸೀದಾ ಒಳಗೆ ಹೋಗಿ ಅಮ್ಮನಿಗೆ ಕೊಟ್ಟರು.