ರಸೀದಿ ಪುಸ್ತಕದ ಜೊತೆಗೊಂದು ಪತ್ರ

ಚಿಕ್ಕಮಗಳೂರು
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ಮಳೆ ಹಿಡಿದ ಮೇಲೆ ಅಮ್ಮನ ಮಂಡಿನೋವು ತುಸು ಹೆಚ್ಚಾಗಿದೆ ಎಂಬುದನ್ನು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಬಾಡಿಗೆದಾರರ ಹಣ ಬರುವ ಮೊದಲೇ ಮನೆಯ ಬೀಗದ ಕೈ ಕೊಟ್ಟೆ ಎಂದು ಬೆಳಗ್ಗೆ ನೀನು ಫೋನಿನಲ್ಲಿ ಹೇಳಿದ್ದನ್ನು ಕೇಳಿ ಒಂದೆರಡು ಮಾತು ಬೈದೆ. ಫೋನಿನಲ್ಲಿ ನಾನು ಬೈಯುವುದಕ್ಕಷ್ಟೇ ಲಾಯಕ್ಕು. ವಿಷಯ ಹೇಳಬೇಕೆಂದರೆ ಕೈಯಲ್ಲಿ ಪೆನ್ನಿರಬೇಕು. ಮೂವತ್ತೆರಡು ವರ್ಷ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನ ಚಾಳಿ ಇದು, ಇನ್ನು ಹೋಗುವುದಿಲ್ಲ.

‘ಹಣ ಬಂತಲ್ಲ ಅಪ್ಪ, ಇನ್ನೇನು?’ ಎಂದೆ ನೀನು. ಬಂತು, ನಿಜ. ಶುಕ್ರವಾರ ಬೆಳಗ್ಗೆ ಬೀಗದ ಕೈ ಕೊಟ್ಟೆ, ಹಣ ಬಂದದ್ದು ಶನಿವಾರ ಸಂಜೆ. ನಡುವೆ ಒಂದು ರಾತ್ರಿ ನಿನಗೆ ನಿದ್ದೆಯಿಲ್ಲ. ಆಷಾಢದಲ್ಲಿ ಖಾಲಿ ಬಿದ್ದಿದ್ದ ಮನೆಗಳಿಗೆ ಶ್ರಾವಣ ಬರುತ್ತಿದ್ದಂತೆ ಒಬ್ಬರ ಹಿಂದೊಬ್ಬರು ಬರುತ್ತಾರೆ. ಹಾಸನದಲ್ಲಿ ಮಾಲೀಕರ ಪರವಾಗಿ ಹದಿನಾಲ್ಕು ಬಾಡಿಗೆ ಮನೆ ನೋಡಿಕೊಳ್ಳುವವಳು ಹೀಗೆ ರಾತ್ರಿಗಳನ್ನು ಕಳೆದರೆ ದಸರಾ ಹೊತ್ತಿಗೆ ಕೆಲಸ ಬಿಟ್ಟು ಊರಿಗೆ ಬರುತ್ತೀಯೆ.

ನಡೆದದ್ದನ್ನು ನನ್ನ ಮನಸ್ಸಿನಲ್ಲಿ ಜೋಡಿಸಿಕೊಂಡು ನೋಡಿದೆ. ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರು. ಹತ್ತು ಗಂಟೆಗೆ ಗೇಟಿನ ಮುಂದೆ ಆಟೋ. ಹೆಂಡತಿಯ ಕೈಯಲ್ಲಿ ಹಾಲಿನ ಪಾತ್ರೆ, ಅತ್ತೆಯ ಮಡಿಲಲ್ಲಿ ದೇವರ ಪಟ. ಗಂಡ ಮೊಬೈಲ್ ಮುಂದೆ ಹಿಡಿದು, ‘ಕಳಿಸಿದ್ದೇನೆ ನೋಡಿ ಮೇಡಂ, 52,200’ ಎನ್ನುತ್ತಾನೆ. ಬೆಂಗಳೂರಿನಲ್ಲಿರುವ ಮಾಲೀಕರು ಫೋನ್ ಎತ್ತುತ್ತಿಲ್ಲ, ಅವರ ಖಾತೆಗೆ ಹಣ ಬಿತ್ತೋ ಇಲ್ಲವೋ ನಿನಗೆ ಕಾಣುವುದಿಲ್ಲ. ಅಂಥ ಹೊತ್ತಿನಲ್ಲಿ ‘ಸ್ವಲ್ಪ ತಡೆಯಿರಿ’ ಎನ್ನಲು ಬಾಯಿ ಬರುವುದಿಲ್ಲ. ನನಗೂ ಬರುತ್ತಿರಲಿಲ್ಲ. ಹಾಗಾಗಿ ಬೀಗದ ಕೈ ಕೊಟ್ಟದ್ದಕ್ಕೆ ನಾನು ಅಷ್ಟಾಗಿ ಬೈಯಲಿಲ್ಲ. ಬೀಗದ ಕೈಯ ಜೊತೆಗೆ ರಸೀದಿಯನ್ನೂ ಬರೆದು ಕೊಟ್ಟೆ ಎಂದೆಯಲ್ಲ, ನನ್ನ ಎದೆ ಧಸಕ್ಕೆಂದದ್ದು ಆಗ.

ಇದನ್ನು ನಿನಗೆ ಎಂದೂ ಹೇಳಿರಲಿಲ್ಲ. 1987ರ ಮಳೆಗಾಲ, ಆಲ್ದೂರಿನ ಆಚೆಯ ತೋಟದಲ್ಲಿ ನನ್ನ ಎರಡನೇ ವರ್ಷ. ಸಂತೆಯ ಹಿಂದಿನ ದಿನ ಬಟವಾಡೆ. ಕರೆಂಟ್ ಹೋಗಿತ್ತು. ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಮೇಜಿನ ಮೇಲೆ ಹಾಜರಿ, ಕೂಲಿ ಬರೆಯುವ ಚೆಕ್‌ರೋಲ್ ಪುಸ್ತಕ, ಮಸಿಯ ಪ್ಯಾಡು, ನೋಟಿನ ಪೆಟ್ಟಿಗೆ. ಹೊರಗೆ ಕಂಬಳಿ ಕೊಪ್ಪೆ ಹೊದ್ದವರ ಸಾಲು, ಕಾಲಿಗೆ ಹತ್ತಿದ ಇಂಬಳಗಳನ್ನು ಕಿತ್ತು ಎಸೆಯುತ್ತ ನಿಂತಿದ್ದರು. ಬೇಗ ಮುಗಿಯಲಿ ಎಂದು ನಾನೊಂದು ಜಾಣತನ ಮಾಡಿದೆ. ಎಲ್ಲರ ಹೆಬ್ಬೆಟ್ಟನ್ನು ಮೊದಲೇ ಒತ್ತಿಸಿಕೊಂಡು, ಆಮೇಲೆ ಹೆಸರು ಕರೆದು ಹಣ ಕೊಡುತ್ತ ಹೋದೆ. ಕೊನೆಯಲ್ಲಿ ಒಬ್ಬ ಹೆಂಗಸು ಹಾಗೇ ನಿಂತಿದ್ದಳು. ತನಗೆ ಕೊಟ್ಟಿಲ್ಲ ಎಂದಳು. ಪುಸ್ತಕ ತಿರುಗಿಸಿ, ‘ನಿನ್ನ ಹೆಬ್ಬೆಟ್ಟು ಇಲ್ಲಿದೆಯಲ್ಲ’ ಎಂದೆ. ಅವಳಿಗೆ ಓದು ಬಾರದು. ತನ್ನದೇ ಹೆಬ್ಬೆಟ್ಟಿನ ಗುರುತನ್ನು ಬಗ್ಗಿ ಬಹಳ ಹೊತ್ತು ನೋಡಿದಳು. ದೇವೀರಮ್ಮನ ಆಣೆ ಇಟ್ಟಳು. ನಾನು ಪುಸ್ತಕ ಮುಚ್ಚಿದೆ.

ರಾತ್ರಿ ಪೆಟ್ಟಿಗೆ ಎಣಿಸಿದರೆ ಸರಿಯಾಗಿ ಆರು ದಿನದ ಕೂಲಿ ಹೆಚ್ಚಿತ್ತು. ಬೆಳಗಾಗುತ್ತಲೇ ಕೂಲಿ ಲೈನಿಗೆ ನಡೆದುಹೋಗಿ ಕೊಟ್ಟುಬಂದೆ. ಎಣಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು, ಒಂದು ಮಾತೂ ಆಡಲಿಲ್ಲ. ಆದರೆ ಮುಂದಿನ ಬಟವಾಡೆಯಿಂದ, ಹಣ ಕೈಗೆ ಬೀಳುವ ತನಕ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೇ ನಿಲ್ಲುತ್ತಿದ್ದಳು. ನಾನು ತೋಟ ಬಿಡುವವರೆಗೂ.

ನೀನು ಶುಕ್ರವಾರ ಬರೆದ ರಸೀದಿ ಅದೇ ಜಾತಿಯದು. ಹಣ ಬರುವ ಮೊದಲೇ ಪುಸ್ತಕ ‘ಬಂತು’ ಎಂದಿತು. ಹಿಂದಿನ ವಾರ ಅದೇ ಹುಡುಗ ಮನೆ ಹಿಡಿದಿಡಲು ಕೊಟ್ಟ 2,000 ರೂಪಾಯಿ ಟೋಕನ್ನಿಗೆ ಮಾತ್ರ ರಸೀದಿಯೇ ಇಲ್ಲ, ಬಂದ ಹಣವನ್ನು ಪುಸ್ತಕ ‘ಬಂದಿಲ್ಲ’ ಎನ್ನುತ್ತಿದೆ. ಒಂದೇ ಮನೆಯ ಲೆಕ್ಕದಲ್ಲಿ ಎರಡು ಸುಳ್ಳು, ಒಂದು ಮಾಲೀಕರ ಕುತ್ತಿಗೆಗೆ, ಇನ್ನೊಂದು ಬಾಡಿಗೆದಾರರ ಕುತ್ತಿಗೆಗೆ. ಇಬ್ಬರೂ ಒಳ್ಳೆಯವರಾದ್ದರಿಂದ ಈ ಸಲ ದಾಟಿತು.

ನಿನ್ನ ಲೆಕ್ಕದಲ್ಲಿ ತಪ್ಪಿಲ್ಲ, ಅದನ್ನೂ ಹೇಳಬೇಕು. ತಿಂಗಳ ಬಾಡಿಗೆ 9,300, 31 ದಿನದ ತಿಂಗಳು, ದಿನಕ್ಕೆ 300. ಹದಿನೆಂಟಕ್ಕೆ ಬಂದವರಿಗೆ ಆ ದಿನವನ್ನೂ ಸೇರಿಸಿ 14 ದಿನ, 4,200. ಅಡ್ವಾನ್ಸ್ 50,000ದಲ್ಲಿ ಟೋಕನ್ 2,000 ಕಳೆದು 48,000. ಒಟ್ಟು 52,200, ಸರಿಯಾಗಿದೆ. ಆದರೆ ರಸೀದಿಯಲ್ಲಿ ಈ 52,200ನ್ನು ಒಂದೇ ಸಾಲಿನಲ್ಲಿ ‘ಮನೆ ಬಾಬ್ತು’ ಎಂದು ಬರೆದೆಯಂತೆ. ಬಾಬ್ತು ಎಂದರೆ ಯಾವ ಬಾಬ್ತು? ಬಾಡಿಗೆ ಮಾಲೀಕರದಾಯಿತು, ಹೋಯಿತು. ಅಡ್ವಾನ್ಸ್ ಹಾಗಲ್ಲ. ಅದು ಬಾಡಿಗೆದಾರರ ಹಣ, ಮಾಲೀಕರ ಹತ್ತಿರ ಇರುತ್ತದೆ ಅಷ್ಟೆ, ಎಂದಾದರೂ ವಾಪಸ್ ಹೋಗಬೇಕು. ನಾಲ್ಕು ವರ್ಷದ ನಂತರ ಅವರು ಮನೆ ಬಿಡುವಾಗ ಅಲ್ಲಿ ನೀನಿರುತ್ತೀಯೋ ಇಲ್ಲವೋ. ಮಾಲೀಕರು ಮನೆ ಮಾರಿರಬಹುದು. ಆಗ ಅವರ ಕೈಯಲ್ಲಿರುವುದು ನೀನು ಬರೆದ ಚೀಟಿ ಒಂದೇ. ಅಡ್ವಾನ್ಸಿಗೆ ಒಂದು ರಸೀದಿ, ಬಾಡಿಗೆಗೆ ಬೇರೆ ರಸೀದಿ. ಟೋಕನ್ ತೆಗೆದುಕೊಂಡ ದಿನವೇ ಅದಕ್ಕೊಂದು, ಅದರಲ್ಲೇ ‘ಅಡ್ವಾನ್ಸಿಗೆ ಜಮಾ’ ಎಂಬ ಮಾತು, ಅವರು ಮನಸ್ಸು ಬದಲಾಯಿಸಿದರೆ ಟೋಕನ್ ವಾಪಸ್ ಉಂಟೋ ಇಲ್ಲವೋ ಎಂಬ ಮಾತು. ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿ ಅಲ್ಲೂ ಇದ್ದರೆ, ಅದನ್ನು ಕರಾರಿನಲ್ಲಿ ಬರೆದು ಅವರಿಗೆ ಓದಿ ಹೇಳು. ಮನೆ ಬಿಡುವ ದಿನ ಮೊದಲ ಸಲ ಕೇಳಿದರೆ ಯಾರಿಗಾದರೂ ಮೋಸ ಹೋದ ಹಾಗೇ ಅನಿಸುತ್ತದೆ.

ಇನ್ನು ಮೊಬೈಲಿನ ಚಿತ್ರ. ಈ ವಿಷಯ ನಿನಗೇ ಹೆಚ್ಚು ಗೊತ್ತು ಎಂದು ನಗಬೇಡ. 2016ರಲ್ಲಿ ನೋಟು ರದ್ದಾದ ಮೇಲೆ ನಮ್ಮ ತೋಟದ ಬಟವಾಡೆಯೂ ಬ್ಯಾಂಕಿಗೆ ಹೋಯಿತು. ಕೊನೆಯ ಒಂದೆರಡು ವರ್ಷ ಕಳಿಸುತ್ತಿದ್ದವನು ನಾನೇ. ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ದಿನ ದೊಡ್ಡ ಮೊತ್ತ ಕಳಿಸಲು ಹಲವು ಬ್ಯಾಂಕುಗಳು ಬಿಡುವುದಿಲ್ಲ. ಹೊಸ ಮೊಬೈಲಿನಲ್ಲಿ ಯುಪಿಐ ಶುರು ಮಾಡಿದರೆ ಮೊದಲ 24 ಗಂಟೆಯಲ್ಲಿ 5,000 ರೂಪಾಯಿಗಿಂತ ಹೆಚ್ಚು ಹೋಗುವುದಿಲ್ಲ. ಆ ಹುಡುಗನಿಗೂ ಇಂಥದ್ದೇ ಏನೋ ಆಗಿರಬೇಕು, ಅವನು ಕಳ್ಳನಲ್ಲ. ಆದರೆ ಕಳ್ಳ ತೋರಿಸುವ ಚಿತ್ರವೂ ಇವನು ತೋರಿಸಿದ್ದೂ ಒಂದೇ ಥರ ಇರುತ್ತದೆ. ಎಸ್‌ಎಂಎಸ್ ಕೂಡ ಹುಟ್ಟಿಸಬಹುದು. ನಮ್ಮ ಖಾತೆ ತೆರೆದು ನೋಡಿದಾಗ ಕಾಣುವುದಷ್ಟೇ ಹಣ. ನಿನಗೆ ಆ ಖಾತೆ ಕಾಣುವುದಿಲ್ಲ ಎಂಬುದೇ ಇಲ್ಲಿಯ ತೊಡಕು, ಅದನ್ನು ಮಾಲೀಕರ ಹತ್ತಿರ ನೇರವಾಗಿ ಮಾತಾಡು. ಯಾರಾದರೂ ಮನೆಗೆ ಬರುವ ದಿನ ಅವರು ಫೋನಿಗೆ ಸಿಗಬೇಕು, ಇಲ್ಲವೇ ಬಾಡಿಗೆಗೆಂದೇ ಒಂದು ಖಾತೆ ಇಟ್ಟು ಅದರ ಲೆಕ್ಕ ನಿನಗೂ ಕಾಣುವಂತೆ ಮಾಡಬೇಕು. ‘ನಿನ್ನ ಖಾತೆಗೇ ಹಾಕಿಸಿಕೊಂಡು ಕಳಿಸಮ್ಮ’ ಎಂದರೆ ಮಾತ್ರ ಒಪ್ಪಬೇಡ. ಪರರ ಹಣ ನಮ್ಮ ಹಣದ ಜೊತೆ ಒಂದು ರಾತ್ರಿ ಮಲಗಿದರೂ ಬೆಳಗ್ಗೆ ಯಾವುದು ಯಾರದೆಂದು ಹೇಳುವುದು ಕಷ್ಟ.

ಬರುವವರಿಗೆ ಮೊದಲೇ ಹೇಳಿಬಿಡು: ಎರಡು ದಿನ ಮುಂಚೆ ಖಾತೆ ಸೇರಿಸಿ ಒಂದು ರೂಪಾಯಿ ಕಳಿಸಿ ನೋಡಿ, ಪೂರ್ತಿ ಹಣ ಹಿಂದಿನ ದಿನ ಸಂಜೆಯೊಳಗೆ ಬರಲಿ. ಅವರಿಗೂ ಅವರ ಭಯವಿರುತ್ತದೆ, ಬೀಗದ ಕೈ ಇಲ್ಲದೆ ಅರ್ಧ ಲಕ್ಷ ಕೊಡುವುದು ಹೇಗೆ ಎಂದು. ಅದಕ್ಕೇ ಹಣ ಬಿದ್ದ ಗಳಿಗೆಯಲ್ಲೇ ರಸೀದಿ ಹೋಗಬೇಕು, ಕರಾರಿಗೆ ಆ ಮೊದಲೇ ಇಬ್ಬರ ಸಹಿಯೂ ಆಗಿರಬೇಕು.

ಅಷ್ಟಾದರೂ ಯಾರೋ ಒಬ್ಬರು ಹಾಲಿನ ಪಾತ್ರೆ ಹಿಡಿದು ಬಂದೇ ಬರುತ್ತಾರೆ, ಹಣ ಸೋಮವಾರ ಎನ್ನುತ್ತಾರೆ. ಮುಹೂರ್ತ ಅವರದು, ಅದನ್ನು ಕೆಡಿಸುವುದು ಬೇಡ. ನೀನೇ ಹೋಗಿ ಬಾಗಿಲು ತೆಗೆ. ಹಾಲು ಉಕ್ಕಿಸಲಿ, ದೇವರ ಪಟ ಇಟ್ಟು ಕೈಮುಗಿಯಲಿ. ಅವರು ಕೊಟ್ಟ ಹಾಲನ್ನು ನಿಂತು ಕುಡಿ, ಬೇಡ ಎನ್ನಬೇಡ. ಎಲ್ಲ ಮುಗಿದ ಮೇಲೆ ಬೀಗ ಹಾಕಿ, ಬೀಗದ ಕೈ ನಿನ್ನ ಚೀಲಕ್ಕೆ. ನಗುನಗುತ್ತಲೇ ಮಾಡಬಹುದಾದ ಕೆಲಸ ಇದು. ಮಂಚ, ಬೀರು ಒಳಗೆ ಬಂದ ಮೇಲೆ ನಗು ಸಾಲುವುದಿಲ್ಲ. ಒಲೆ ಹೂಡಿದವರನ್ನು ಹಣ ಬರಲಿಲ್ಲವೆಂದು ಹೊರಗೆ ಹಾಕುವ ಹಕ್ಕು ನಿನಗೂ ಇಲ್ಲ, ಮಾಲೀಕರಿಗೂ ಇಲ್ಲ. ಬೀಗ ಜಡಿಯುವುದು, ನೀರು ನಿಲ್ಲಿಸುವುದು ನಮ್ಮದೇ ತಪ್ಪಾಗುತ್ತದೆ. ಆಮೇಲೆ ನೋಟಿಸು, ಕೋರ್ಟು.

ಇದರ ತಿರುವುಮುರುವಿನ ಮೋಸವೂ ಒಂದಿದೆ. ಮನೆ ನೋಡದೆಯೇ ಫೋನಿನಲ್ಲಿ ಒಪ್ಪುತ್ತಾರೆ, ‘ಸೈನ್ಯದಲ್ಲಿದ್ದೇನೆ, ಹಾಸನಕ್ಕೆ ವರ್ಗವಾಗಿದೆ’ ಎಂದು ಗುರುತಿನ ಚೀಟಿಯ ಚಿತ್ರ ಕಳಿಸುತ್ತಾರೆ. ಅಡ್ವಾನ್ಸ್ ಕಳಿಸಲು ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುತ್ತಾರೆ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಒತ್ತಿ ಕಳೆದುಕೊಂಡರು. ಹಣ ಪಡೆಯಲು ಪಿನ್ ಬೇಕಿಲ್ಲ, ಕೊಡಲು ಮಾತ್ರ ಬೇಕು. ಗಣಿತ ಹೇಳಿಕೊಟ್ಟ ಮೇಷ್ಟ್ರೇ ಮರೆತರು.

ಹಾಸನದಲ್ಲೂ ನಗದು ಕೊಡುವವರು ಇನ್ನೂ ಇರುತ್ತಾರೆ, ಕಾಫಿ ಮೆಣಸು ಮಾರಿದ ಹಣ ಹಿಡಿದು ಮಕ್ಕಳ ಓದಿಗೆಂದು ಮನೆ ಮಾಡುವವರು. ತೆಗೆದುಕೊ, ಅವರೆದುರೇ ಎರಡು ಸಲ ಎಣಿಸು, ಒಂದು ಸಲ ಅವರೂ ಎಣಿಸಲಿ. ರಸೀದಿ 5,000 ದಾಟಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಸಹಿ. ಅದೇ ದಿನ ಬ್ಯಾಂಕಿಗೆ ಕಟ್ಟು, ಅಲಮಾರಿಯಲ್ಲಿ ಇಡಬೇಡ. ಭೋಗ್ಯಕ್ಕೆ ಮನೆ ಕೇಳಿ ನಾಲ್ಕೈದು ಲಕ್ಷ ನಗದು ತಂದವರಿಗೆ ಮಾತ್ರ ಕೈಮುಗಿ. 2017ರ ಏಪ್ರಿಲ್‌ನಿಂದ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ, ಪಡೆದವರಿಗೆ ಪಡೆದಷ್ಟೇ ದಂಡ. ಭೋಗ್ಯದ ವ್ಯವಹಾರವೇ ಬೇರೆ, ಅದನ್ನು ಮಾಲೀಕರೂ ಅವರ ವಕೀಲರೂ ನೋಡಿಕೊಳ್ಳಲಿ.

ರಸೀದಿಯಲ್ಲಿ ಮಾಲೀಕರ ಹೆಸರಿರಲಿ, ಅವರ ಪರವಾಗಿ ಎಂದು ನಿನ್ನ ಸಹಿ. ಸಂಬಳದವರಾದರೆ ಮನೆ ಬಾಡಿಗೆಯ ತೆರಿಗೆ ವಿನಾಯಿತಿಗೆ ಅದನ್ನು ಕೇಳುತ್ತಾರೆ. 9,300ರಂತೆ ವರ್ಷಕ್ಕೆ 1,11,600 ಆಗುತ್ತದೆ, ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಸಂಖ್ಯೆಯನ್ನೂ ಕೊಡಬೇಕು. ಕೆಲವು ಮಾಲೀಕರು ಆಗ ಮುಖ ಸಿಂಡರಿಸುತ್ತಾರೆ. ಮನೆ ತೋರಿಸುವಾಗಲೇ ಕೇಳಿಟ್ಟುಕೊ.

ಬೀಗದ ಕೈ ಕೊಡುವ ಮುನ್ನ ವಿದ್ಯುತ್ ಮೀಟರಿನ ಅಂಕಿಯ ಚಿತ್ರ ತೆಗೆದು ಅವರಿಗೂ ಕಳಿಸು. ಗೃಹಜ್ಯೋತಿ ಬೇಕೆಂದರೆ ಆ ಮನೆಯ ವಿದ್ಯುತ್ ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆಗೆ ಅವರ ಆಧಾರ್ ಜೋಡಿಸಬೇಕು, ಅದಕ್ಕೆ ಹಿಂದಿನವರದು ಬಿಡುಗಡೆಯಾಗಿರಬೇಕು. ಹಳಬರಿಗೆ ಅಡ್ವಾನ್ಸ್ ವಾಪಸ್ ಕೊಡುವ ದಿನವೇ ಮಾಡಿಸಿಬಿಡು, ಹಣ ಕೈಗೆ ಬಂದ ಮೇಲೆ ಅವರು ನಿನ್ನ ಫೋನ್ ಎತ್ತುವುದಿಲ್ಲ.

ಈ ಪತ್ರ ಕೈಸೇರಿದ ಮರುದಿನವೇ ಆ ಹುಡುಗನ ಮನೆಗೆ ಹೋಗಿ ಶುಕ್ರವಾರದ ರಸೀದಿ ವಾಪಸ್ ಇಸಿದುಕೊಂಡು ‘ರದ್ದು’ ಎಂದು ಗೀರಿ, ಹರಿಯದೆ ಪುಸ್ತಕದಲ್ಲಿ ಉಳಿದ ಅದರ ಬುಡಕ್ಕೇ ಅಂಟಿಸು. ಟೋಕನ್ 2,000ಕ್ಕೆ, ಅಡ್ವಾನ್ಸ್ 48,000ಕ್ಕೆ, ಬಾಡಿಗೆ 4,200ಕ್ಕೆ ಮೂರು ಹೊಸ ರಸೀದಿ, ಒಂದೊಂದರಲ್ಲೂ ಆಯಾ ಹಣ ನಿಜವಾಗಿ ಬಂದ ತಾರೀಖು. ಯಾಕೆ ಎಂದು ಕೇಳಿದರೆ ನನ್ನ ತಪ್ಪಾಗಿತ್ತು ಎಂದು ಹೇಳು.

ಪಕ್ಕದ ಮನೆಯವರು ಮಂಗಳವಾರ ಹಾಸನಕ್ಕೆ ಬರುತ್ತಾರೆ, ಅವರ ಕೈಯಲ್ಲಿ ಚೀಲ ಕಳಿಸುತ್ತಿದ್ದೇನೆ. ಅಮ್ಮ ಚಕ್ಕುಲಿ, ಕಾಫಿ ಪುಡಿ ಇಟ್ಟಿದ್ದಾಳೆ. ಅದರ ಕೆಳಗೆ ನಂಬರು ಹಾಕಿದ ಎರಡು ರಸೀದಿ ಪುಸ್ತಕ ಇವೆ. ಕಾರ್ಬನ್ ಹಾಳೆ ಹೊಸದು, ಚಕ್ಕುಲಿ ಮುಟ್ಟುವ ಮೊದಲು ಕೈ ತೊಳೆದುಕೊ.

ನಿನ್ನ ಅಪ್ಪ