ಕೈನಡುಕಕ್ಕೆ ಹೆಲ್ಮೆಟ್ ಚಿಕಿತ್ಸೆ: ಮುಂಗಡ ಕಟ್ಟುವ ಮೊದಲು ಬುರುಡೆ ನೋಡಿಸಿ

ಮಾನ್ಯ ಸಂಪಾದಕರೇ,

‘ಕೊಯ್ಯದೆ, ರಕ್ತ ಬಾರದೆ ಕೈನಡುಕ ಮಾಯ’ ಎಂಬ ವಿಡಿಯೊಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿವೆ. ಚಿಕಿತ್ಸೆ ಸುಳ್ಳಲ್ಲ. ತಲೆಗೆ ಹೆಲ್ಮೆಟ್‌ನಂಥ ಸಾಧನ ತೊಡಿಸಿ, ಎಂ.ಆರ್.ಐ. ನೋಡಿಕೊಂಡು, ಶಬ್ದದ ಅಲೆಗಳನ್ನು ಮೆದುಳಿನ ಒಂದು ಚುಕ್ಕೆಯಲ್ಲಿ ಕೂಡಿಸಿ ಸುಡುವ ಈ ‘ಫೋಕಸ್ಡ್ ಅಲ್ಟ್ರಾಸೌಂಡ್‌’ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲೇ ಒಪ್ಪಿಗೆ ಕೊಟ್ಟಿದೆ. ಆದರೆ ಅದು ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಎಂಬುದರಲ್ಲಿ ಮುಕ್ಕಾಲು ಪಾಲನ್ನು ಬಾಗಲಕೋಟೆಯಲ್ಲೇ ಕುಳಿತು ತೀರ್ಮಾನಿಸಬಹುದು. ಇಳಕಲ್ಲು, ಗುಳೇದಗುಡ್ಡದವರು ಸಾಲ ಮಾಡಿ ಮಹಾನಗರಕ್ಕೆ ಹೋಗಿ ಬರಿಗೈಲಿ ವಾಪಸಾಗಬೇಕಿಲ್ಲ.

ಇದು ಮುಖ್ಯವಾಗಿ ಎಸೆನ್ಷಿಯಲ್ ಟ್ರೆಮರ್ ಎಂಬ ನಡುಕಕ್ಕೆ ಇರುವ ಚಿಕಿತ್ಸೆ. ಕೈ ತೊಡೆಯ ಮೇಲಿದ್ದಾಗ ಸುಮ್ಮನಿರುತ್ತದೆ. ಚಹಾದ ಬಶಿ ಎತ್ತಿದಾಗ, ಬ್ಯಾಂಕಿನಲ್ಲಿ ಸಹಿ ಹಾಕುವಾಗ, ಮಗ್ಗದ ಮೇಲೆ ಸೆರಗಿನ ಎಳೆಗೂ ಒಡಲಿನ ಎಳೆಗೂ ಕೊಂಡಿ ಹಾಕುವಾಗ ನಡುಗುತ್ತದೆ. ಪಾರ್ಕಿನ್ಸನ್ ನಡುಕ ಸಾಮಾನ್ಯವಾಗಿ ಇದಕ್ಕೆ ಉಲ್ಟಾ. ಕೈ ಸುಮ್ಮನಿದ್ದಾಗಲೇ ಹೆಚ್ಚು, ಜೊತೆಗೆ ಚಲನೆ ನಿಧಾನ, ಅಕ್ಷರ ಬರೆಯುತ್ತ ಬರೆಯುತ್ತ ಸಣ್ಣದಾಗುತ್ತದೆ. ಥೈರಾಯ್ಡ್ ಹೆಚ್ಚಾದರೂ, ಉಬ್ಬಸಕ್ಕೆ ಸಾಲ್ಬುಟಮಾಲ್, ಫಿಟ್ಸ್‌ಗೆ ವಾಲ್ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದರೂ ಕೈ ನಡುಗೀತು. ಎಳೆಯ ವಯಸ್ಸಿನವರಲ್ಲಿ, ದೇಹದಲ್ಲಿ ತಾಮ್ರ ಸೇರಿಕೊಳ್ಳುವ ವಿಲ್ಸನ್ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಮಾತ್ರೆಗೆ ಬಗ್ಗದ ನಡುಕಕ್ಕೆ ಮಾತ್ರ ಈ ಚಿಕಿತ್ಸೆ. ಆದರೆ ‘ಮಾತ್ರೆ ಹತ್ತಲಿಲ್ಲ’ ಎನ್ನುವವರಲ್ಲಿ ಅನೇಕರು ಸಾಕಷ್ಟು ಪ್ರಮಾಣವನ್ನೇ ಮುಟ್ಟಿರುವುದಿಲ್ಲ. ನಡುಕಕ್ಕೆ ಕೊಡುವ ಮಾತ್ರೆಗಳಲ್ಲಿ ಪ್ರೊಪ್ರನಾಲಾಲ್ ದಿನಕ್ಕೆ 60ರಿಂದ 320 ಮಿ.ಗ್ರಾಂ.ವರೆಗೆ ಬೇಕಾಗಬಹುದು. ವೈದ್ಯರು ನಾಡಿ, ಬಿ.ಪಿ. ನೋಡುತ್ತ ನಿಧಾನವಾಗಿ ಏರಿಸಬೇಕು. ಉಬ್ಬಸದವರಿಗೆ ಅದು ಬೇಡವೇ ಬೇಡ, ಉಳಿದವರೂ ತಾವಾಗಿ ಒಮ್ಮೆಲೇ ನಿಲ್ಲಿಸಬಾರದು. ಪ್ರಿಮಿಡೋನ್ ಆದರೆ ರಾತ್ರಿ ಮಲಗುವಾಗ 250 ಮಿ.ಗ್ರಾಂ. ಮಾತ್ರೆಯ ಕಾಲು ಭಾಗದಿಂದ ಆರಂಭಿಸಬೇಕು. ಮೊದಲ ದಿನವೇ ಇಡೀ ಮಾತ್ರೆ ನುಂಗಿದರೆ ತಲೆಸುತ್ತು, ವಾಂತಿ ಬಂದು ರೋಗಿ ಮತ್ತೆ ಅದನ್ನು ಮುಟ್ಟುವುದಿಲ್ಲ.

ಇನ್ನು ಯಾವ ವಿಡಿಯೊದಲ್ಲೂ ಹೇಳದ ಮಾತು, ಬುರುಡೆಯದು. ಹೆಲ್ಮೆಟ್‌ನಲ್ಲಿ 1,024 ಅಲ್ಟ್ರಾಸೌಂಡ್ ಬಿಂದುಗಳಿವೆ. ಅವುಗಳ ಅಲೆಗಳೆಲ್ಲ ಎಲುಬನ್ನು ದಾಟಿ ಮೆದುಳಿನ ಆಳದಲ್ಲಿ ನಡುಕದ ಸಂಕೇತ ಹಾಯುವ ಥಲಾಮಸ್ ಎಂಬ ಭಾಗದ ಕೆಲವೇ ಮಿಲಿಮೀಟರ್ ಜಾಗದಲ್ಲಿ ಕೂಡಬೇಕು. ಬುರುಡೆಯ ಹೊರ–ಒಳ ಪದರಗಳು ಗಟ್ಟಿ, ನಡುವಿನ ಮಜ್ಜೆ ಮೃದು. ಗಟ್ಟಿ ಪದರದ ಸಾಂದ್ರತೆಗೆ ಹೋಲಿಸಿದರೆ ಮಜ್ಜೆಯ ಸಾಂದ್ರತೆಯ ಅನುಪಾತ ಸುಮಾರು 0.40ಕ್ಕಿಂತ ಕಡಿಮೆಯಿದ್ದರೆ ಅಲೆಗಳ ಶಕ್ತಿ ಎಲುಬಿನಲ್ಲೇ ಕರಗುತ್ತದೆ. ಆಗ ತಲೆ ಕಾದು ನೋಯುತ್ತದೆ, ಗುರಿಯ ಜಾಗ ಮಾತ್ರ ಬೇಕಾದಷ್ಟು ಬಿಸಿಯಾಗುವುದಿಲ್ಲ. ಈ ಅನುಪಾತ ತಿಳಿಯಲು ಬೇಕಾದ್ದು ಸುಮಾರು 1 ಮಿ.ಮೀ. ತೆಳು ಹೋಳುಗಳ, ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣಲು ಕೊಡುವ ಇಂಜೆಕ್ಷನ್) ಇಲ್ಲದ ತಲೆಯ ಸಿ.ಟಿ. ಅಷ್ಟೇ. ಆದರೆ ಫಿಲ್ಮ್ ಹಿಡಿದು ಹೋದರೆ ಪ್ರಯೋಜನವಿಲ್ಲ. ಲೆಕ್ಕ ಹಾಕಲು ಡೈಕಾಮ್ ಕಡತಗಳೇ (ಸ್ಕ್ಯಾನ್‌ನ ಮೂಲ ಡಿಜಿಟಲ್ ಕಡತಗಳು) ಬೇಕು. ಸಿ.ಡಿ. ಅಥವಾ ಪೆನ್‌ಡ್ರೈವ್‌ನಲ್ಲಿ ಕೇಳಿ ಪಡೆಯಿರಿ.

‘ಮುಟ್ಟುವುದೇ ಇಲ್ಲ’ ಎಂಬುದೂ ಪೂರ್ತಿ ನಿಜವಲ್ಲ. ಕೂದಲಿನ ನಡುವೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಅಲೆ ದಾಟದು, ಹಾಗಾಗಿ ತಲೆ ನುಣ್ಣಗೆ ಬೋಳಿಸುತ್ತಾರೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು 4 ಪಿನ್‌ಗಳಿಂದ ಚೌಕಟ್ಟು ಬಿಗಿಯುತ್ತಾರೆ. ತಲೆಗೂ ಹೆಲ್ಮೆಟ್‌ಗೂ ನಡುವೆ ತಣ್ಣೀರು ಸುತ್ತುತ್ತಿರುತ್ತದೆ. ರೋಗಿ ಎಚ್ಚರವಾಗಿಯೇ ಎಂ.ಆರ್.ಐ. ಯಂತ್ರದೊಳಗೆ ಗಂಟೆಗಟ್ಟಲೆ ಅಲುಗಾಡದೆ ಮಲಗಬೇಕು. ಅಲೆಗಳ ಒಂದೊಂದು ಹೊಡೆತ ಸಾಮಾನ್ಯವಾಗಿ 10ರಿಂದ 30 ಸೆಕೆಂಡು. ಮೊದಲು 40–45 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಜಾಗ ಸರಿಯಿದೆಯೇ ಎಂದು ನೋಡುತ್ತಾರೆ. 50ರ ಆಸುಪಾಸಿಗೆ ಬಂದಾಗ ನಡುಕ ತಾತ್ಕಾಲಿಕವಾಗಿ ತಗ್ಗುತ್ತದೆ. ರೋಗಿಯಿಂದ ಕಾಗದದ ಮೇಲೆ ಸುರುಳಿ ಬರೆಸಿ ಕೈ ಎಷ್ಟು ನಡುಗುತ್ತದೆಂದು ಪರೀಕ್ಷಿಸುವುದು ಆಗಲೇ. ತುಟಿ, ಬೆರಳು ಜೋಮು ಹಿಡಿದರೆ ಸ್ಪರ್ಶದ ಕೇಂದ್ರ ಪಕ್ಕದಲ್ಲೇ ಇದೆ ಎಂದರ್ಥ, ಗುರಿಯನ್ನು ಕೂಡಲೇ ಸರಿಸುತ್ತಾರೆ. ಎಲ್ಲ ಸರಿಯಿದ್ದರೆ 55–60 ಡಿಗ್ರಿಯಲ್ಲಿ ಆ ಚುಕ್ಕೆಯನ್ನು ಶಾಶ್ವತವಾಗಿ ಸುಡುತ್ತಾರೆ.

ಫಲವೆಷ್ಟು? 2016ರಲ್ಲಿ ಪ್ರಕಟವಾದ 76 ರೋಗಿಗಳ ಅಧ್ಯಯನದಲ್ಲಿ, ಚಿಕಿತ್ಸೆ ಪಡೆದವರ ಕೈನಡುಕದ ತೀವ್ರತೆಯ ಅಂಕ 3 ತಿಂಗಳಿಗೆ ಶೇ 47, ವರ್ಷಕ್ಕೆ ಶೇ 40ರಷ್ಟು ಇಳಿದಿತ್ತು. ದೊಡ್ಡ ಲಾಭವೇ, ಆದರೆ ‘ಮಾಯ’ ಅಲ್ಲ. ಶೇ 36 ಮಂದಿಗೆ ನಡಿಗೆಯಲ್ಲಿ ತೊಂದರೆ, ಶೇ 38 ಮಂದಿಗೆ ಜೋಮು ಕಾಣಿಸಿತು. ವರ್ಷದ ನಂತರವೂ ಕ್ರಮವಾಗಿ ಶೇ 9, ಶೇ 14 ಮಂದಿಯಲ್ಲಿ ಅವು ಉಳಿದಿದ್ದವು. ಒಮ್ಮೆಗೆ ಒಂದೇ ಬದಿ. ಎಡ ಮೆದುಳಿಗೆ ಮಾಡಿದರೆ ಬಲಗೈಗೆ ಗುಣ. ಇನ್ನೊಂದು ಬದಿಗೆ ಎಫ್‌ಡಿಎ 2022ರಲ್ಲಿ ಒಪ್ಪಿದ್ದು, ಕನಿಷ್ಠ 9 ತಿಂಗಳ ಅಂತರದ ಮೇಲೆ. ಎಂ.ಆರ್.ಐ.ಗೆ ಒಗ್ಗದ ಪೇಸ್‌ಮೇಕರ್ ಇರುವವರಿಗೆ ಈ ದಾರಿಯೇ ಇಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ಮೊದಲೇ ಹೇಳಬೇಕು.

ಜಿಲ್ಲಾ ಆಸ್ಪತ್ರೆಯಲ್ಲಿ ತಿಂಗಳಿಗೊಂದು ದಿನವನ್ನು ನಡುಕದ ತಪಾಸಣೆಗೆ ಮೀಸಲಿಡಬೇಕೆಂದು ಆರೋಗ್ಯ ಇಲಾಖೆಯನ್ನು ಕೋರುತ್ತೇನೆ. ನೇಕಾರರ ಊರುಗಳಿಗೆ ಆಶಾ ಕಾರ್ಯಕರ್ತೆಯರ ಮೂಲಕ ಸುದ್ದಿ ಮುಟ್ಟಲಿ. ಸುರುಳಿ ಬರೆಸುವುದು, ಥೈರಾಯ್ಡ್ ಪರೀಕ್ಷೆ, ಮಾತ್ರೆಯ ಪ್ರಮಾಣ ಏರಿಸುವುದು, ಕೊನೆಗೆ ತೆಳು ಹೋಳಿನ ಸಿ.ಟಿ. ತೆಗೆದು ಕಡತವನ್ನು ಚಿಕಿತ್ಸಾ ಕೇಂದ್ರಕ್ಕೆ ಕಳಿಸುವುದು, ಇಷ್ಟಕ್ಕೆ ಹೊಸ ಯಂತ್ರವೇನೂ ಬೇಡ. ರೋಗಿಯ ಮನೆಯವರಲ್ಲಿ ವಿನಂತಿ: ಬುರುಡೆಯ ಅನುಪಾತ ಎಷ್ಟೆಂದು ಆ ಕೇಂದ್ರದಿಂದ ಬರಹದಲ್ಲಿ ಪಡೆದ ಮೇಲಷ್ಟೇ ಮುಂಗಡ ಕಟ್ಟಿ.

— ನರರೋಗ ವೈದ್ಯ, ಬಾಗಲಕೋಟೆ